ಮೋಲ್ಡಿಗೆ ಬಂದ ಮುಯ್ಯಾಳು

ಹುರುಳಿಕಾಯಿ ಕೊಳ್ಳುವಾಗ ತುದಿಯನ್ನು ಚಟ್ ಅಂತ ಮುರಿದು ನೋಡುವ ಚಾಳಿ ನಿಮಗೂ ಇದೆಯೇ? ಇಲ್ಲ ಅಂದರೆ ನಾನು ನಂಬುವುದಿಲ್ಲ. ಬೆಂಡೆಕಾಯಿಯ ತುದಿ ಮುರಿಯದೆ, ಸೋರೆಕಾಯಿಗೆ ಉಗುರು ಚುಚ್ಚದೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ತರಕಾರಿ ಕೊಂಡು ಮನೆಗೆ ಬಂದ ಮನುಷ್ಯ ನಮ್ಮ ಬಸವನಗುಡಿ ಕಡೆ ಇನ್ನೂ ಹುಟ್ಟಿಲ್ಲ. ಮೊನ್ನೆ ಗಾಂಧಿ ಬಜಾರಿನಲ್ಲಿ ನಾನು ಹಾಗೇ ಒಂದೊಂದು ಕಾಯಿ ಮುರಿಯುತ್ತ ನಿಂತಿದ್ದೆ. ಗಾಡಿಯವಳು ನೋಡುವಷ್ಟು ಹೊತ್ತು ನೋಡಿ, "ಯಜಮಾನ್ರೇ, ಮುರಿದಿದ್ದೆಲ್ಲ ನೀವೇ ತಗೊಂಡು ಹೋಗ್ಬೇಕು, ಇಲ್ಲಾಂದ್ರೆ ಮುಟ್ಲೇಬೇಡಿ" ಅಂದಳು. ಅಕ್ಕಪಕ್ಕದವರು ನಕ್ಕರು. ಮುರಿದ ಕಾಯಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ ನನಗೆ ರತ್ನಮ್ಮ ನೆನಪಾದಳು.

ರತ್ನಮ್ಮನ ವಿಷಯಕ್ಕೆ ಬರುವ ಮೊದಲು ನಮ್ಮ ಮನೆತನದ ಅನುಮಾನದ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನನ್ನನ್ನು ಎಲ್ಲರ ಹಾಗೆ ಸಾಧಾರಣ ಅನುಮಾನದ ಪ್ರಾಣಿ ಅಂದುಕೊಂಡುಬಿಡುತ್ತೀರಿ. ನಾನು ಚಿಕ್ಕವನಿದ್ದಾಗ ಶಂಕರಪುರದ ನಮ್ಮ ಮನೆಗೆ ಹಾಲಿನವನು ಹಸುವನ್ನೇ ಹೊಡೆದುಕೊಂಡು ಬರುತ್ತಿದ್ದ. ಕರೆಯುವ ಮೊದಲು ಚೊಂಬನ್ನು ಬೋರಲು ಮಾಡಿ, ಒಳಗೆ ನೀರಿಲ್ಲ ಅಂತ ಅಜ್ಜಿಗೆ ತೋರಿಸಬೇಕು. ಅದು ಎಲ್ಲರ ಮನೆಯ ಪದ್ಧತಿ. ನಮ್ಮ ಅಜ್ಜಿ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಒಳಗೆ ನೀರು ಬಚ್ಚಿಟ್ಟಿದ್ದಾನೇನೋ ಅಂತ ಅವನ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಸಿ ನೋಡುತ್ತಿದ್ದಳು. ಕೊನೆಗೆ, "ಹಸೂಗೆ ಬೆಳಿಗ್ಗೆ ಎಷ್ಟು ನೀರು ಕುಡಿಸ್ಕೊಂಡು ಬಂದಿದೀಯೋ, ನಿಜ ಹೇಳು" ಅಂತ ಕೇಳುತ್ತಿದ್ದಳು. ಪಾಪ, ಅವನು ಹಸುವಿನ ಮುಖ ನೋಡುತ್ತಿದ್ದ. ಈ ದಿನನಿತ್ಯದ ಜಗಳ ತಾಳಲಾರದೆ ಅಪ್ಪ ಹಾಲಿಗೆ ನೀರು ಬೆರೆತಿದ್ದರೆ ತೋರಿಸುವ ಒಂದು ಲ್ಯಾಕ್ಟೋಮೀಟರ್ ಕೊಂಡುತಂದರು. ಅವತ್ತಿನಿಂದ ಅಜ್ಜಿಗೆ ಲ್ಯಾಕ್ಟೋಮೀಟರ್ ಮೇಲೂ ಅನುಮಾನ ಶುರುವಾಯಿತು.

ಇಂಥ ಮನೆಯಲ್ಲಿ ಹುಟ್ಟಿದವನು ಪೊಲೀಸ್ ಇಲಾಖೆಗೆ ಸೇರಬೇಕಿತ್ತು. ನಾನು ಅರ್ಥಶಾಸ್ತ್ರದ ಮೇಷ್ಟ್ರಾದೆ. ಕಾಲೇಜಿನಲ್ಲಿ ಪ್ರತಿ ವರ್ಷ ಒಂದು ಪಾಠ ಮಾಡಬೇಕಿತ್ತು: ಹಿಂದುಳಿದ ದೇಶದಲ್ಲಿ ಬೇಸಾಯ ಬೆಳೆದರೆ ಹಳ್ಳಿಯ ಬಡತನ ಹೇಗೆ ಕಡಿಮೆಯಾಗುತ್ತದೆ ಅನ್ನುವುದು. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬರೆಯುತ್ತಿದ್ದೆ. ಬೆಳೆ ಹೆಚ್ಚಿದರೆ ಕೆಲಸ ಹೆಚ್ಚುತ್ತದೆ, ಒಂದು ಬಾಣ. ಕೆಲಸ ಹೆಚ್ಚಿದರೆ ಕೂಲಿ ಏರುತ್ತದೆ, ಇನ್ನೊಂದು ಬಾಣ. ಕೂಲಿ ಏರಿದರೆ ಬಡತನ ಇಳಿಯುತ್ತದೆ. ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ನಾನು ಮಾರ್ಕ್ಸ್ ಹಾಕುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಬಾಣ ಎಳೆಯುವುದಕ್ಕೇನು, ಸೀಮೆಸುಣ್ಣ ಇದ್ದರೆ ಸಾಕು. ಬೆಳೆ ಹೆಚ್ಚಿದ ದುಡ್ಡು ಜಮೀನಿದ್ದವನ ಮನೆಯಲ್ಲೇ ಕೂತುಬಿಟ್ಟರೆ? ಅವನು ಯಂತ್ರ ತಂದುಬಿಟ್ಟರೆ? ಬಾಣ ಅರ್ಧ ದಾರಿಯಲ್ಲೇ ಬಿದ್ದುಹೋದರೆ ಯಾರಿಗೆ ಗೊತ್ತಾಗುತ್ತೆ? ಹಳ್ಳಿಗೆ ಹೋಗಿ ನೋಡೋಣವೆಂದರೆ, ಮದುವೆ ಊಟಕ್ಕಲ್ಲದೆ ನಾನು ಹಳ್ಳಿಗೆ ಹೋದವನಲ್ಲ. ಅಲ್ಲೂ ಪಾಯಸದಲ್ಲಿ ಹಾಲೆಷ್ಟು ನೀರೆಷ್ಟು ಅನ್ನುವುದರ ಕಡೆಗೇ ನನ್ನ ಗಮನ ಇರುತ್ತಿತ್ತು.

ರಿಟೈರ್ ಆದ ಮೇಲೆ ಮನೆಯಲ್ಲಿ ನನಗೆ ಜಾಗ ಇಲ್ಲ ಅಂತ ಗೊತ್ತಾಯಿತು. ನನ್ನ ಹೆಂಡತಿ ವಿಜಯಾ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಸಂಜೆಯಾದರೆ ನಡುಮನೆಯ ತುಂಬಾ ಸರಿಗಮ. ನಾನು ಪೇಪರ್ ಹಿಡಿದುಕೊಂಡು ಅಡುಗೆಮನೆಗೆ ಹೋದರೆ ಅಲ್ಲಿಂದ ಓಡಿಸುತ್ತಾಳೆ, ಹಿತ್ತಿಲಿಗೆ ಹೋದರೆ ಸೊಳ್ಳೆ. ಆಮೇಲೆ ಅವಳೇ ಒಂದು ದಿನ, "ಟೆರೇಸ್ ಮೇಲೆ ಒಂದು ರೂಮು ಕಟ್ಟಿಸೋಣ. ನಿಮ್ಮ ಪುಸ್ತಕ, ನಿಮ್ಮ ಅನುಮಾನ ಎಲ್ಲ ಅಲ್ಲೇ ಇಟ್ಕೊಳಿ" ಅಂದಳು. ನನ್ನನ್ನು ಮೇಲಕ್ಕೆ ಸಾಗಿಸುವ ಈ ಏರ್ಪಾಡಿನ ಹಿಂದೆ ಏನಿದೆ ಅಂತ ಯೋಚನೆ ಬಂತು. ಆದರೂ ಒಪ್ಪಿದೆ.

ಕೆಲಸ ವಹಿಸಿಕೊಂಡವನು ಚಾಮರಾಜಪೇಟೆಯ ನಾಗರಾಜ ಮೇಸ್ತ್ರಿ. ಮುಂಚೆ ಹಿತ್ತಿಲಿನ ಬಚ್ಚಲುಮನೆ, ಕಾಂಪೌಂಡು ಎಲ್ಲ ಅವನೇ ಕಟ್ಟಿದ್ದು. ಅವನ ಜೊತೆಗೆ ಪ್ರತಿ ಸಲವೂ ಬರುತ್ತಿದ್ದ ಹೆಣ್ಣಾಳುಗಳ ಗುಂಪಿಗೆ ರತ್ನಮ್ಮ ಯಜಮಾನಿ. ಕೊರಟಗೆರೆ ದಾಟಿ ಒಂದು ಹಳ್ಳಿಯವರು. ವರ್ಷಕ್ಕೆ ಎಂಟು ತಿಂಗಳು ಬೆಂಗಳೂರಿನಲ್ಲಿ ಗಾರೆ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ರತ್ನಮ್ಮ ಅಂದರೆ ಗಟ್ಟಿ ಮೈಕಟ್ಟಿನ, ನಲವತ್ತೈದರ ಆಸುಪಾಸಿನ ಹೆಂಗಸು. ತಲೆಯ ಮೇಲೆ ಬಾಂಡ್ಲಿ ಇಟ್ಟರೆ ಏಣಿಯನ್ನು ಕೈಯಲ್ಲಿ ಹಿಡಿಯದೆ ಹತ್ತುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಹೆಚ್ಚು ಮಾತಾಡಿದ್ದೇ ಇಲ್ಲ. "ಸರಿ ಸಾರ್", "ಆಯ್ತಮ್ಮ", ಇಷ್ಟೇ.

ಗೋಡೆ ಎದ್ದಿತು. ಮೇಲೆ ಹಲಗೆ ಹೊಡೆದು ಕಂಬಿ ಕಟ್ಟಿದ್ದೂ ಆಯಿತು. ಇನ್ನು ಮೋಲ್ಡ್ ಹಾಕುವುದೊಂದು ಬಾಕಿ. ಮೋಲ್ಡ್ ಅಂದರೆ ಗೊತ್ತಲ್ಲ, ಕಾಂಕ್ರೀಟ್ ಕಲಸಿ ಇಡೀ ಚಾವಣಿಯನ್ನು ಒಂದೇ ದಿನದಲ್ಲಿ ತುಂಬಿ ಮುಗಿಸಬೇಕು. ಅರ್ಧ ಇವತ್ತು ಅರ್ಧ ನಾಳೆ ಅನ್ನುವ ಹಾಗಿಲ್ಲ, ಅದಕ್ಕೇ ಅವತ್ತು ಜಾಸ್ತಿ ಜನ ಬೇಕು. ಸರಿಯಾಗಿ ಆ ಹೊತ್ತಿಗೆ ನಾಗರಾಜ ತಲೆ ಕೆರೆದುಕೊಳ್ಳುತ್ತ ಬಂದು ನಿಂತ.

"ಸಾರ್, ಜನ ಬರ್ತಿಲ್ಲ."

"ಯಾಕೆ?"

"ಊರಲ್ಲಿ ಕೆಲಸ ಇದೆಯಂತೆ ಸಾರ್."

"ಯಾವ ಕೆಲಸ?"

"ಬೇಸಾಯ ಸಾರ್."

ನಾನು ನಗಲಿಲ್ಲ, ಆದರೆ ಒಳಗೊಳಗೇ ಎಲ್ಲ ಅರ್ಥವಾಯಿತು. ಏಪ್ರಿಲ್ ತಿಂಗಳ ಸುಡು ಬಿಸಿಲಲ್ಲಿ ಆ ಒಣ ಸೀಮೆಯಲ್ಲಿ ಬೇಸಾಯವಂತೆ! ಯಾರ ಕಿವಿಗೆ ಹೂವಿಡ್ತೀಯಪ್ಪ? ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಯಾವನೋ ದೊಡ್ಡ ಕಾಂಟ್ರಾಕ್ಟರು ಜಾಸ್ತಿ ಕೂಲಿ ಕೊಟ್ಟಿದ್ದಾನೆ, ಆ ಗುಂಪನ್ನು ಅಲ್ಲಿಗೆ ಸಾಗಿಸಿ ಇವನು ನನಗೆ ಕಥೆ ಹೇಳುತ್ತಿದ್ದಾನೆ. "ಫೋನ್ ಮಾಡು, ನಾನೇ ಮಾತಾಡ್ತೀನಿ" ಅಂದೆ. ರತ್ನಮ್ಮ ಫೋನ್ ಎತ್ತಿದಳು. ಕೂಲಿ ಎರಡರಷ್ಟು ಕೊಡುತ್ತೇನೆ ಅಂದೆ. "ಈಗ ಆಗಕಿಲ್ಲ ಸಾರ್, ಹುರುಳಿಕಾಯಿ ಕೀಳ್ತಾ ಇದೀವಿ, ಮುಯ್ಯಿ ಐತೆ" ಅಂದಳು. ಹಿಂದುಗಡೆ ಯಾವುದೋ ಮೋಟರಿನ ಸದ್ದು. ಕಾಂಕ್ರೀಟ್ ಕಲಸುವ ಮಿಶಿನ್ನೇ ಅದು ಅಂತ ನನಗೆ ಖಾತ್ರಿಯಾಯಿತು.

"ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಅಂದೆ ವಿಜಯಾಗೆ. "ಒಂದು ಮೋಲ್ಡಿಗೋಸ್ಕರ ಬಸ್ಸು ಹತ್ಕೊಂಡು ಕೊರಟಗೆರೆಗಾ? ಬಿಸಿಲಿಗೆ ತಲೆ ಕೆಟ್ಟಿದೆ ನಿಮಗೆ" ಅಂದಳು. ಅವಳು ಹೇಳಿದ್ದು ಸರಿಯೇ. ಆದರೆ ಕಂಬಿ ಕಟ್ಟಿದ ಚಾವಣಿ ಬಾಯಿ ತೆರೆದುಕೊಂಡು ಮೇಲೆ ಕೂತಿದೆ, ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿದೆ. ಒಂದು ದೊಡ್ಡ ಮಳೆ ಬಂದರೆ ಕಂಬಿ ತುಕ್ಕು ಹಿಡಿಯುತ್ತೆ, ಹಲಗೆ ಊದಿಕೊಳ್ಳುತ್ತೆ. ಅದಕ್ಕಿಂತ ಹೆಚ್ಚಾಗಿ, ನನಗೆ ಟೋಪಿ ಹಾಕಿ ಅವರು ಎಲ್ಲೋ ಕೂತು ನಗುತ್ತಿದ್ದಾರೆ ಅನ್ನುವುದೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಹೇಳದೆ ಕೇಳದೆ ಹೋದೆ. ಹೇಳಿ ಹೋದರೆ ಅವರು ಹೊಲ, ಹುರುಳಿಕಾಯಿ ಎಲ್ಲ ಸಿದ್ಧ ಮಾಡಿಟ್ಟುಬಿಟ್ಟರೆ? ಈ ಯೋಚನೆ ಎಷ್ಟು ಪೆದ್ದುತನದ್ದು ಅಂತ ನಿಮಗೆ ಈಗ ಅನ್ನಿಸುತ್ತಿದೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವಾಗ ನನಗೆ ಅನ್ನಿಸಲಿಲ್ಲ.

ಊರಿನಲ್ಲಿ ರತ್ನಮ್ಮನ ಮನೆಗೆ ಬೀಗ. ಪಕ್ಕದ ಜಗಲಿಯಲ್ಲಿ ಕೂತಿದ್ದ ಮುದುಕಿ ಕೇಳದೆಯೇ, "ಎಲ್ಲಾ ಹೊಲದಾಗವ್ರೆ, ಕೆರೆ ಹಿಂದ್ಗಡೆ ಹೋಗಪ್ಪ" ಅಂದಳು. ಕೇಳದೆಯೇ ಹೇಳಿದ್ದು ಯಾಕೆ? ಆ ಅನುಮಾನವನ್ನೂ ಹೊತ್ತುಕೊಂಡು ಕೆರೆಯ ಏರಿ ಹತ್ತಿದೆ. ಹತ್ತಿದವನು ಅಲ್ಲೇ ನಿಂತುಬಿಟ್ಟೆ. ಒಂದು ಕಡೆ ಕೆರೆಯ ಮಧ್ಯದಲ್ಲಿ ಏಪ್ರಿಲ್ಲಿನಲ್ಲೂ ನೀರು. ಇನ್ನೊಂದು ಕಡೆ ಏರಿಯ ಕೆಳಗೆ ಹಸಿರೋ ಹಸಿರು. ಟೊಮೆಟೊ, ಬದನೆ, ಹುರುಳಿ ಗಿಡದ ಸಾಲು ಸಾಲು. ಫೋನಿನಲ್ಲಿ ಕೇಳಿಸಿದ ಮೋಟರು ಒಂದು ಬಾವಿಯ ಪಕ್ಕದಲ್ಲಿ ಗುರ್ ಅನ್ನುತ್ತಿತ್ತು. ನನಗೆ ನಾಚಿಕೆಯಾಯಿತು ಅಂತ ಬರೆದರೆ ಚೆನ್ನಾಗಿರುತ್ತೆ. ಆಗಿದ್ದು ನಿರಾಶೆ. ಕಳ್ಳನನ್ನು ಹಿಡಿಯಲು ಹೋದವನಿಗೆ ಅವನು ದೇವರ ಪೂಜೆ ಮಾಡುತ್ತ ಸಿಕ್ಕಿದರೆ ಆಗುವಂಥದ್ದು.

ಸೀರೆಯ ಮೇಲೆ ಗಂಡಸರ ಫುಲ್ ಶರ್ಟು ಹಾಕಿಕೊಂಡು, ತಲೆಗೆ ಟವೆಲ್ಲು ಸುತ್ತಿಕೊಂಡು ಹತ್ತು ಹನ್ನೆರಡು ಹೆಂಗಸರು ಬಗ್ಗಿ ಕಾಯಿ ಕೀಳುತ್ತಿದ್ದರು. ಅದರಲ್ಲಿ ಒಂದು ತಲೆ ಎದ್ದು, "ಅಯ್ಯೋ ಶಿವನೇ, ಮೇಷ್ಟ್ರು!" ಅಂತ ಕೂಗಿತು. ರತ್ನಮ್ಮ. ಓಡಿ ಬಂದಳು. "ಏನಾಯ್ತು ಸಾರ್? ಅಮ್ಮಾವ್ರು ಚೆನ್ನಾಗವ್ರಾ?" ಅಂತ ಗಾಬರಿಯಿಂದ ಕೇಳಿದಳು. ಮೋಲ್ಡಿಗೆ ಆಳು ಕೇಳಲು ಬಂದೆ ಅನ್ನಲು ನಾಲಿಗೆ ಏಳಲಿಲ್ಲ. ಆದರೂ ಅಂದೆ.

"ಹೇಳಿದ್ನಲ್ಲ ಸಾರ್, ಮುಯ್ಯಿ ಐತೆ ಅಂತ."

"ಮುಯ್ಯಿ ಅಂದ್ರೆ?"

"ಇವತ್ತು ಇವರೆಲ್ಲ ನನ್ನ ಹೊಲಕ್ಕೆ ಬಂದವ್ರೆ. ನಾಳೆಯಿಂದ ಇವರ ಒಬ್ಬೊಬ್ಬರ ಹೊಲಕ್ಕೂ ನಾನು ಹೋಗ್ಬೇಕು. ಆಳಿಗೆ ಆಳು. ದಿನಕ್ಕೆ ದಿನ."

"ಕೂಲಿ ಎಷ್ಟು ಕೊಡ್ತೀರ?"

"ಮುಯ್ಯಿಗೆ ಕೂಲಿ ಎಲ್ಲಿದು ಸಾರ್? ಊಟ ಹಾಕದಷ್ಟೇ."

ನೋಡಿ, ಇಲ್ಲಿ ನನ್ನ ಪಾಠದ ಬಾಣವೆಲ್ಲ ಚೆಲ್ಲಾಪಿಲ್ಲಿ. ನಾನು ಎರಡರಷ್ಟು ಕೂಲಿ ಕೊಡುತ್ತೇನೆ ಅಂದರೆ ಬೇಡ, ಇಲ್ಲಿ ಕೂಲಿಯೇ ಇಲ್ಲದೆ ಬಿಸಿಲಲ್ಲಿ ಬಗ್ಗಿದ್ದಾರೆ. ಹುಚ್ಚು ಹಿಡಿದಿದೆಯೇ ಇವರಿಗೆ? ಇದರಲ್ಲೇನೋ ಇದೆ ಅನ್ನಿಸಿತು. ಬದುವಿನ ಮೇಲೆ ನಿಂತುಕೊಂಡೇ ವಿಚಾರಣೆ ಶುರುಮಾಡಿದೆ. ರತ್ನಮ್ಮ ಕಾಯಿ ಕೀಳುತ್ತ, "ಸುಮ್ನೆ ಬಿಸ್ಲಾಗೆ ನಿಂತ್ಕಬೇಡಿ ಸಾರ್, ಒಂದು ಸಾಲು ಹಿಡೀರಿ, ಮಾತಾಡ್ತಾ ಕೀಳಬೌದು. ಬಸ್ಸು ಹೆಂಗೂ ಸಾಯಂಕಾಲಕ್ಕೇ ಇರದು" ಅಂದಳು. ಯಾರೋ ನನ್ನ ಸೊಂಟಕ್ಕೆ ಒಂದು ಗೋಣಿ ಬಟ್ಟೆ ಕಟ್ಟಿಬಿಟ್ಟರು. ಕಾಲೇಜಿನಲ್ಲಿ ನಲವತ್ತು ವರ್ಷ ಬೇಸಾಯದ ಬಗ್ಗೆ ಮಾತಾಡಿದವನು ಮೊದಲ ಸಲ ಒಂದು ಗಿಡದ ಮುಂದೆ ಬಗ್ಗಿದೆ.

ಬಗ್ಗಿದವನು ಮಾಡಿದ್ದೇನು ಗೊತ್ತೇ? ಕಾಯಿ ಕಿತ್ತೆ, ಕೈ ತನ್ನಷ್ಟಕ್ಕೆ ತಾನೇ ಚಟ್ ಅಂತ ತುದಿ ಮುರಿದು ನೋಡಿತು. ಎಳೆಯದು. ಸೊಂಟದ ಗೋಣಿಗೆ ಹಾಕಿದೆ. ಇನ್ನೊಂದು ಕಿತ್ತೆ, ಚಟ್. ಒಂದು ಸಾಲು ಮುಗಿಯುವ ಹೊತ್ತಿಗೆ ರತ್ನಮ್ಮ ನನ್ನ ಗೋಣಿಗೆ ಕೈ ಹಾಕಿ, "ಅಯ್ಯಯ್ಯೋ ಸಾರ್! ಇದ್ಯಾಕೆ ಹಿಂಗೆ ಮುರಿದಾಕಿದೀರಾ? ಮುರಿದ ಕಾಯಿ ಮಾರ್ಕೆಟ್ಟಿಗೆ ಹೋಗೋ ಹೊತ್ಗೆ ಕಪ್ಪಾಗ್ತದೆ, ಯಾರು ತಗಂತಾರೆ?" ಅಂತ ಬಾಯಿ ಬಾಯಿ ಬಡಿದುಕೊಂಡಳು. ಗಿಡದಿಂದ ನಾನೇ ನನ್ನ ಕೈಯಾರೆ ಕಿತ್ತ ಕಾಯಿಯ ಮೇಲೂ ನನಗೆ ಅನುಮಾನ! ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಮುರಿದ ಕಾಯನ್ನೆಲ್ಲ ಮಧ್ಯಾಹ್ನದ ಸಾರಿಗೆ ಅಂತ ಬೇರೆ ಇಟ್ಟರು.

ಆಮೇಲೆ ಕೀಳುತ್ತ ಕೀಳುತ್ತ ಒಂದೊಂದೇ ಗೊತ್ತಾಯಿತು. ಎರಡು ವರ್ಷದ ಹಿಂದೆ ಕೆರೆಯ ಹೂಳು ತೆಗೆದರು. ಊರವರೇ ಟ್ರ್ಯಾಕ್ಟರ್ ಹಾಕಿ ಆ ಮಣ್ಣನ್ನು ಹೊಲಕ್ಕೆ ಹೊಡೆದುಕೊಂಡರು. ಕೆರೆ ತುಂಬಿತು, ಬತ್ತಿದ ಬಾವಿಗಳಿಗೆ ನೀರು ಬಂತು. "ನೀರು ಮೊದಲು ಯಾರ ಹೊಲಕ್ಕೆ ಹೋಯ್ತು?" ಅಂತ ಕೇಳಿದೆ. ಸಿಕ್ಕಿಬಿದ್ದಳು ಅಂದುಕೊಂಡೆ.

"ಇನ್ಯಾರ ಹೊಲಕ್ಕೆ? ಶಿವಣ್ಣನ ಹೊಲಕ್ಕೇ" ಅಂದಳು ರತ್ನಮ್ಮ, ಅದರಲ್ಲೇನು ವಿಶೇಷ ಅನ್ನುವ ಹಾಗೆ. ಶಿವಣ್ಣ ಅಂದರೆ ಆ ಊರಿನ ದೊಡ್ಡ ಜಮೀನ್ದಾರ. ಬಾವಿ ಅವನದು, ಮೋಟರು ಅವನದು. ಬಾವಿಯ ಪಕ್ಕದಲ್ಲೇ ಇರುವ ರತ್ನಮ್ಮನ ಅರ್ಧ ಎಕರೆ ಆಗಲೂ ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಬೀಳು. ನಾನು ಗೆದ್ದವನ ಹಾಗೆ ತಲೆಯಾಡಿಸಿದೆ. ನಾನು ಹೇಳಲಿಲ್ಲವೇ? ಬಾಣ ಅಲ್ಲಿಗೇ ನಿಂತಿತು.

"ಆದ್ರೆ ಸಾರ್, ನೀರು ಬಂದ್ಮೇಲೆ ಅವನು ಮೂರು ಬೆಳೆ ಇಟ್ಟ. ಕೀಳೋರು ಯಾರು? ನಾವೆಲ್ಲ ಬೆಂಗಳೂರಾಗೆ ನಿಮ್ಮಂಥೋರ ಮನೆ ಮೋಲ್ಡ್ ಹಾಕ್ತಾ ಇದ್ವಲ್ಲ! ಟೊಮೆಟೊ ಗಿಡದಾಗೇ ಕೊಳೀತು. ನಮ್ಮ ಶೆಡ್ ಹತ್ರ ಬಂದ, ಬಾರಮ್ಮ ರತ್ನಮ್ಮ ಅಂತ. ಮುಂಚೆ ನಾವು ಹೊತ್ತಾರೆಗೇ ಅವನ ಮನೆ ಮುಂದೆ ನಿಂತ್ಕತಿದ್ವಿ, ಕೆಲಸ ಐತಾ ಅಂತ. ಈಗ ಅವನು ಬಂದು ನಿಂತ್ಕಂಡ." ರತ್ನಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. "ನಾನು ಅಂದೆ, ಕೂಲಿ ಮಾತು ಆಮೇಲೆ ಆಡನ. ಮೊದ್ಲು ನನ್ನ ಅರ್ಧ ಎಕ್ರೆಗೆ ಸರದಿ ಮೇಲೆ ನೀರು ಬಿಡು. ನಿನ್ನ ಹೊಲಕ್ಕೆ ನಾವು ಹನ್ನೆರಡು ಜನ ಬತ್ತೀವಿ. ನಮ್ಮ ಹೊಲಕ್ಕೆ ನಿಮ್ಮ ಮನೆಯೋರೂ ಇಳೀಬೇಕು. ಮುಯ್ಯಿ ಅಂದ್ರೆ ಮುಯ್ಯಿ."

"ಒಪ್ಪಿದನಾ?"

ರತ್ನಮ್ಮ ಗಲ್ಲ ಎತ್ತಿ ಪಕ್ಕದ ಸಾಲು ತೋರಿಸಿದಳು. ಅಲ್ಲಿ ಶರ್ಟು ಹಾಕಿಕೊಂಡು, ಕಿವಿಯಲ್ಲಿ ವಜ್ರದ ಓಲೆ ಹೊಳೆಸುತ್ತ ಬಗ್ಗಿದ್ದಾಕೆ ಶಿವಣ್ಣನ ಹೆಂಡತಿ ಪುಟ್ಟತಾಯಮ್ಮ. "ಏನ್ ಮಾಡದು ಮೇಷ್ಟ್ರೇ, ನಮ್ಮ ಯಜಮಾನ್ರು ಮಾತು ಕೊಟ್ಟು ಮನೇಲಿ ಕೂತವ್ರೆ, ನನ್ನ ಸೊಂಟ ಮುರೀತಾ ಐತೆ" ಅಂತ ಆಕೆ ಗೊಣಗಿದಳು. ಗೊಣಗುತ್ತಲೇ ನನಗಿಂತ ಎರಡು ಸಾಲು ಮುಂದೆ ಹೋದಳು.

ನಾನು ಅಷ್ಟು ಸುಲಭಕ್ಕೆ ಬಿಡುವವನಲ್ಲ. ಅಂಗೈಯಗಲ ಹೊಲವೂ ಇಲ್ಲದವರ ಗತಿ ಏನು ಅಂತ ಕೇಳಿದೆ. ಅವರಿಗೆ ಮುಯ್ಯಿ ಇಲ್ಲ, ಕೂಲಿಯೇ. ಆದರೆ ಈಗ ನಾಲ್ಕು ಮನೆಯವರು ಕರೆಯುತ್ತಾರೆ, ಸರಿ ಬಂದ ಕಡೆ ಹೋಗುತ್ತಾರೆ ಅಂದಳು. ತರಕಾರಿ ರೇಟು ಬಿದ್ದರೆ ಅಂದೆ. "ಬೀಳ್ತದೆ. ಹೋದ ಸಲ ಬಿತ್ತು, ಬದನೆಕಾಯಿ ದನಕ್ಕೆ ಹಾಕಿದ್ವಿ" ಅಂದಳು. ಕೆರೆ ಒಣಗಿದರೆ ಅಂದೆ. "ಒಣಗಿದ್ರೆ ಬತ್ತೀನಿ ಬಿಡಿ ಸಾರ್, ನಿಮ್ಮ ಬೆಂಗಳೂರಿನ ಬಾಂಡ್ಲಿ ಎಲ್ಲಿಗೂ ಓಡೋಗಲ್ಲ" ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. "ಈಗ ನಾನು ಬಂದ್ರೆ ಶಿವಣ್ಣಂಗೆ ಒಂದು ನೆಪ ಸಿಗ್ತದೆ. ಮುಯ್ಯಿ ತಪ್ಪಿಸಿದ್ಲು ಅಂತ ನೀರು ನಿಲ್ಲಿಸ್ತಾನೆ. ಮೂರು ದಿನ ನೀರಿಲ್ಲ ಅಂದ್ರೆ ಹೂವು ಉದುರೋಗ್ತದೆ, ಆಮೇಲೆ ಕಾಯಿ ಎಲ್ಲಿಂದ ಬರ್ತದೆ? ನನ್ನ ಸ್ವಂತ ನೆಲದಾಗೆ ಇಂಥ ಬೆಳೆ ನಾನು ನೋಡಿದ್ದೇ ಈಗ. ನಿಮ್ಮ ಎರಡು ಕೂಲಿಗೆ ಇದನ್ನ ಕಳ್ಕಳ್ಳಾ?"

ನನ್ನ ಚಾವಣಿ ನನಗೆ ದೊಡ್ಡದು, ನಿಜ. ಆದರೆ ಅವಳ ನೀರಿನ ಸರದಿಯ ಮುಂದೆ ಅದನ್ನಿಟ್ಟು ನೋಡು ಅನ್ನಲು ಬಾಯಿ ಬರಲಿಲ್ಲ. ಹಾಗಂತ ಖುಷಿಯಾಯಿತು ಅಂದುಕೊಳ್ಳಬೇಡಿ. ಬಡವರು ಉದ್ಧಾರವಾಗಬೇಕು ಅಂತ ಜನ್ಮವಿಡೀ ಪಾಠ ಹೇಳಿದವನಿಗೆ, ಅವರು ನನ್ನ ಮೋಲ್ಡ್ ಮುಗಿಸಿ ಆಮೇಲೆ ಉದ್ಧಾರವಾಗಬಹುದಿತ್ತಲ್ಲ ಅಂತ ಸಿಟ್ಟು ಬಂದಿತ್ತು.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಊಟ. ಮುಯ್ಯಿಗೆ ಬಂದವರಿಗೆ ಹೊಲದವರೇ ಊಟ ಹಾಕಬೇಕು, ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. ನಾನು ಪುಟ್ಟತಾಯಮ್ಮನ ಪಕ್ಕ ಕೂತೆ. ಮುದ್ದೆ, ನಾನು ಮುರಿದ ಹುರುಳಿಕಾಯಿಯ ಉಪ್ಸಾರು. ಮುದ್ದೆ ನುಂಗಲು ಬಾರದೆ ಅಗಿದು ಎಲ್ಲರನ್ನೂ ಇನ್ನೊಂದು ಸಲ ನಗಿಸಿದೆ. ಸಾಯಂಕಾಲದ ಹೊತ್ತಿಗೆ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಬಸ್ಸಿಗೆ ಹೊರಟಾಗ ರತ್ನಮ್ಮ ಏರಿಯ ತನಕ ಬಂದಳು. "ನನ್ನ ಹೊಲದಾಗೆ ಒಂದಿನ ಕೆಲಸ ಮಾಡಿದೀರಿ ಸಾರ್. ಮೋಲ್ಡ್ ದಿನ ಹೇಳ್ಕಳಿಸಿ, ಮುಯ್ಯಿ ತೀರಿಸ್ತೀನಿ" ಅಂದಳು. ಆಯ್ತಮ್ಮ ಅಂದೆ. ನಂಬಲಿಲ್ಲ.

ಬಂದವನೇ ನಾಗರಾಜನಿಗೆ ಬೇರೆ ದಾರಿ ಹುಡುಕು ಅಂದೆ. ಅವನು ಮೊದಲಿನಿಂದಲೂ ಹೇಳುತ್ತಿದ್ದ, ಕಲಸಿದ ರೆಡಿಮಿಕ್ಸ್ ಕಾಂಕ್ರೀಟೇ ತರಿಸೋಣ ಸಾರ್, ಲಾರಿ ಬಂದು ಪೈಪಿನಲ್ಲಿ ಮೇಲಕ್ಕೆ ಹೊಡೆದು ಹೋಗುತ್ತೆ, ಆಳೇ ಬೇಕಾಗಿಲ್ಲ ಅಂತ. ನಾನೇ ಒಪ್ಪಿರಲಿಲ್ಲ. ಮುಚ್ಚಿದ ಡ್ರಮ್ಮಿನಲ್ಲಿ ಸಿಮೆಂಟ್ ಎಷ್ಟು ಬೂದಿ ಎಷ್ಟು ಯಾವನಿಗೆ ಗೊತ್ತು? ಆದರೆ ಅಷ್ಟರಲ್ಲಿ ಒಂದು ಸಂಜೆ ಆಲಿಕಲ್ಲಿನ ಮಳೆ ಬಂದು ಕಂಬಿಯ ಮೇಲೆಲ್ಲ ನೀರು ನಿಂತಿತು. ಹಾಳಾಗಿಹೋಗಲಿ ಅಂತ ಒಪ್ಪಿದೆ. ಆಳು ಬೇಡವಾದ್ದರಿಂದ ಊರಿಗೆ ನಾನು ಹೇಳಿಕಳಿಸಲೂ ಇಲ್ಲ.

ಆದರೆ ನಾಗರಾಜ ಹೇಳಿದ್ದನಂತೆ. ಮೋಲ್ಡಿನ ದಿನ ಬೆಳಗ್ಗೆ ಕಾಫಿ ಕುಡಿಯುತ್ತಿದ್ದೆ, ಗೇಟು ಸದ್ದಾಯಿತು. ನೋಡಿದರೆ ರತ್ನಮ್ಮ. ಕೆ.ಆರ್. ಮಾರ್ಕೆಟ್ಟಿಗೆ ಹುರುಳಿಕಾಯಿ ತಂದ ವ್ಯಾನಿನಲ್ಲೇ ಬಂದು, ಅಲ್ಲಿಂದ ನಡೆದುಕೊಂಡು ಬಂದಿದ್ದಳು.

"ಮಿಕ್ಕವರೆಲ್ಲಿ?" ಅಂದೆ.

"ಮಿಕ್ಕೋರ್ಯಾಕೆ? ಅವತ್ತು ನೀವೊಬ್ರು ಬಂದಿದ್ರಿ. ಇವತ್ತು ನಾನೊಬ್ಳು ಬಂದಿದೀನಿ."

"ನಿನ್ನ ನೀರು?"

"ಇವತ್ತು ಯಾರ ಹೊಲದಾಗೂ ಮುಯ್ಯಿ ಇಲ್ಲ, ಬಿಡುವು. ಎಲ್ರುನ್ನೂ ಕೇಳೇ ಬಂದೆ."

ಲಾರಿ ಬರುತ್ತೆ, ಆಳು ಬೇಕಾಗಿಲ್ಲ ಅಂತ ಹೇಳಿ ನೋಡಿದೆ. ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿಯೇಬಿಟ್ಟಳು. ಪೈಪು ಹಿಡಿಯುವುದು, ಬಿದ್ದ ಕಾಂಕ್ರೀಟನ್ನು ಹಲಗೆಯಲ್ಲಿ ಎಳೆದು ಸಮ ಮಾಡುವುದು, ಚೆಲ್ಲಿದ್ದನ್ನು ಬಳಿದು ಹಾಕುವುದು, ಒಂದಲ್ಲ ಒಂದು ಮಾಡುತ್ತಲೇ ಇದ್ದಳು. ನಾನು ಕೆಳಗೆ ನಿಂತು ಲಾರಿಯ ಡ್ರಮ್ಮಿನ ಮೇಲೊಂದು ಕಣ್ಣು, ಅವಳ ಮೇಲೊಂದು ಕಣ್ಣು ಇಟ್ಟಿದ್ದೆ. ಹೊತ್ತೇರುವಾಗ ಕೂಲಿ ಕೊಡಲು ಹೋದೆ. "ಕೂಲಿಗೆ ಬಂದಿಲ್ಲ ಸಾರ್" ಅಂತ ಕೈ ಹಿಂದಕ್ಕೆ ಎಳೆದುಕೊಂಡಳು. ಆಗ ನನ್ನ ಅನುಮಾನ ಪೂರ್ತಿ ಎಚ್ಚರವಾಯಿತು. ದುಡ್ಡು ಬೇಡ ಅನ್ನುವವರು ದುಡ್ಡಿಗಿಂತ ದೊಡ್ಡದೇನನ್ನೋ ಕೇಳಲು ಬಂದಿರುತ್ತಾರೆ. ಸಾಲವೇ? ಮಗಳಿಗೆ ಕಾಲೇಜಿನಲ್ಲಿ ಸೀಟೇ? ಶಿವಣ್ಣನ ಮೇಲೆ ಎಲ್ಲಾದರೂ ದೂರು ಕೊಡಿಸಬೇಕೇ? ವಿಜಯಾ ಹತ್ತಿರ, "ನೋಡ್ತಿರು, ಊಟದ ಹೊತ್ತಿಗೆ ಬಾಯಿ ಬಿಡ್ತಾಳೆ" ಅಂದೆ.

ಊಟದ ಹೊತ್ತಾಯಿತು. ಲಾರಿಯವರು ಹೊರಟುಹೋದರು, ನಾಗರಾಜ ಹೋಟೆಲಿಗೆ ಹೋದ. ವಿಜಯಾ ಎಂದಿನಂತೆ ಹಿತ್ತಿಲಿನ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಅನ್ನ, ಪಲ್ಯ ಬಡಿಸಿಟ್ಟು, "ರತ್ನಮ್ಮಾ, ಊಟ ಇಟ್ಟಿದೀನಿ" ಅಂತ ಕೂಗಿ ಒಳಗೆ ಬಂದಳು. ಕೆಲಸಕ್ಕೆ ಬಂದವರ ಊಟ ನಮ್ಮ ಮನೆಯಲ್ಲಿ ಯಾವತ್ತೂ ಅಲ್ಲೇ. ರತ್ನಮ್ಮ ಕೈಕಾಲು ತೊಳೆದಳು. ತಟ್ಟೆ ನೋಡಿದಳು. ಅದನ್ನು ಎತ್ತಿಕೊಂಡು ಅಡುಗೆಮನೆ ದಾಟಿ ನಡುಮನೆಗೆ ಬಂದು, ಊಟದ ಟೇಬಲ್ಲಿನ ಹತ್ತಿರ ಒಂದು ಕುರ್ಚಿ ಎಳೆದು, ಊಟಕ್ಕೆ ಕೂತಿದ್ದ ನನ್ನ ಪಕ್ಕದಲ್ಲಿ ಕೂತಳು.

"ಮುಯ್ಯಿಗೆ ಬಂದೋರು ಒಬ್ರೇ ಕೂತು ಉಣ್ಣಬಾರ್ದು ಸಾರ್. ಅವತ್ತು ನೀವು ನಮ್ಮ ಸಾಲ್ನಾಗೇ ಕೂತಿದ್ರಲ್ಲ" ಅಂದಳು. ಆಮೇಲೆ ವಿಜಯಾ ಕಡೆ ತಿರುಗಿ, "ಸಾರು ಹಾಕಮ್ಮ" ಅಂದಳು.

ವಿಜಯಾ ಕೈಯಲ್ಲಿ ಸೌಟು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿಕೊಂಡೆ. ಅವಳಿಗೇ ಏನನ್ನಿಸಿತೋ, ಬಂದು ಬಡಿಸಿದಳು. ನನಗೆ ಬಡಿಸುವ ಮೊದಲೇ ರತ್ನಮ್ಮನಿಗೆ ಬಡಿಸಿದಳು.

ರತ್ನಮ್ಮ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡು, "ಹುಳಿ ಜಾಸ್ತಿ ಆಗೈತೆ ಕಣಮ್ಮ" ಅಂದಳು.

ವಿಜಯಾಳ ಸಾರಿನ ಬಗ್ಗೆ ಹೀಗೊಂದು ಮಾತು ಆಡುವ ಧೈರ್ಯ ಮದುವೆಯಾದಂದಿನಿಂದ ನನಗೇ ಬಂದಿಲ್ಲ. ಎಷ್ಟೋ ವರ್ಷದಿಂದ ಈ ಮನೆಗೆ ಕೆಲಸಕ್ಕೆ ಬಂದವರೆಲ್ಲ, ಇದೇ ರತ್ನಮ್ಮನೂ ಸೇರಿ, ಹಿತ್ತಿಲಲ್ಲಿ ಕೂತು ಉಂಡು, ತಟ್ಟೆ ತೊಳೆದಿಟ್ಟು, "ಚೆನ್ನಾಗಿತ್ತಮ್ಮ" ಅಂತಲೇ ಹೇಳಿ ಹೋಗಿದ್ದರು. ಲೋಕದಲ್ಲಿ ಎಲ್ಲದರ ಮೇಲೂ ಅನುಮಾನ ಪಡುವ ನಾನು ಆ ಒಂದು ಮಾತಿನ ಮೇಲೆ ಒಂದು ದಿನವೂ ಅನುಮಾನ ಪಟ್ಟಿರಲಿಲ್ಲ.

ವಿಜಯಾ ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು. "ಹೌದು, ಗಡಿಬಿಡೀಲಿ ಹುಣಸೆಹಣ್ಣು ಮುಂದಾಗಿದೆ" ಅಂದು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದಳು. ನಾವಿಬ್ಬರೂ ಊಟ ನಿಲ್ಲಿಸಿ ಕಾದೆವು. ಬೆಂದ ಬೇಳೆ ಸೇರಿಸಿ, ಚೂರು ಬೆಲ್ಲ ಹಾಕಿ ಕುದಿಸಿ ತಂದು ಇನ್ನೊಂದು ಸೌಟು ಹಾಕಿದಳು. ರತ್ನಮ್ಮ ಉಂಡು ನೋಡಿ, "ಈಗ ಚೆನ್ನಾಗೈತೆ" ಅಂದಳು.

ಅದನ್ನು ನಾನು ನಂಬಿದೆ.